ಮೈಸೂರು ಅರಮನೆಯ ಪಾರಿವಾಳಗಳು

ಮೈಸೂರಿಗೆ ಹೋದವರು ಅರಮನೆಯನ್ನು ನೋಡದೆ ಹಿಂದಿರುಗುವುದಿಲ್ಲ. ೧೮೯೭ರಲ್ಲಿ ಹಳೆಯ ಮರದ ಅರಮನೆಯು ಅಗ್ನಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ ಕಟ್ಟಲ್ಪಟ್ಟು ೧೯೧೨ರಲ್ಲಿ ಮುಗಿದ ಸೌಧವಿದು. ಯಾತ್ರಿಕನ ದೃಷ್ಟಿಯು ಮೊದಲು ಗೋಪುರದ ಮೇಲೆ ನಿಲ್ಲುವುದು. ಆಮೇಲೆ, ಮುಂದಣ ಬಯಲಿನಿಂದ ಒಮ್ಮೆಗೇ ಮೇಲೇಳುವ ಪಾರಿವಾಳಗಳ ಹಿಂಡಿನ ಮೇಲೆ.

ಸೌಧಕ್ಕೂ ಪಾರಿವಾಳಕ್ಕೂ ಇರುವ ನಂಟು ಇಂದಿನದಲ್ಲ. ಮೇಘದೂತದ ಯಕ್ಷನು ಮೇಘಕ್ಕೆ ರಾತ್ರಿ ತಂಗಲು ಸೂಚಿಸುವ ಉಜ್ಜಯಿನಿಯ ಮಾಳಿಗೆಯಲ್ಲಿಯೂ ಪಾರಿವಾಳಗಳು ಮಲಗಿರುವುವು. ಅವುಗಳಿಗಾಗಿ ಮನೆಯಲ್ಲಿ ಕಲ್ಪಿಸಿದ ತಾಣಕ್ಕೆ ಅಮರಸಿಂಹನು ಕಪೋತಪಾಲಿಕೆಯೆಂಬ ಹೆಸರನ್ನು ಹೇಳಿರುವನು. ದೇವಾಲಯದ ಬಾಗಿದ ಲೋವೆಗೆ ಶಿಲ್ಪಿಗಳು ಕಪೋತವೆಂದೇ ಕರೆಯುವರು. ಮೂಲತಃ ಇದು ಬಂಡೆಯ ಸಂದುಗಳಲ್ಲಿ ವಾಸಿಸುವ ಪಕ್ಷಿ. ಕಮಾನಿನ ಅಂಚೂ ಗೋಡೆಯ ಗೂಡೂ ಅದಕ್ಕೆ ಬಂಡೆಯೇ ಸರಿ.

ತೊಡಕು ಹುಟ್ಟುವುದು ಸಂಖ್ಯೆಯಿಂದ. ಒಂದು ಸಲಕ್ಕೆ ಎರಡು ಮೊಟ್ಟೆ. ಹದಿನೇಳು ಹದಿನೆಂಟು ದಿನಗಳ ಕಾವು. ತಿಂಗಳೊಂದರಲ್ಲಿ ಮರಿಗಳಿಗೆ ರೆಕ್ಕೆ. ಕಾಳು ಸುಲಭವಾಗಿ ದೊರೆಯುವೆಡೆ ವರ್ಷವೆಲ್ಲ ಸಂತಾನ. ಅವುಗಳ ಹಿಕ್ಕೆಯಲ್ಲಿ ಆಮ್ಲಗುಣವಿದೆ. ಕಗ್ಗಲ್ಲು ಅದನ್ನು ಬಹುಕಾಲ ತಡೆದೀತು. ಸುಣ್ಣದ ಗಾರೆ, ಅಮೃತಶಿಲೆ, ಬಣ್ಣಗಳು ತಡೆಯಲಾರವು. ಗೂಡಿನ ಕಡ್ಡಿ ಪುಕ್ಕಗಳು ನೀರಿನ ದೋಣಿಯನ್ನು ಕಟ್ಟಿ, ಮಳೆಯ ನೀರು ಗೋಡೆಗೆ ಇಳಿಯುವುದು. ಒಣಗಿದ ಹಿಕ್ಕೆಯ ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದ ರೋಗಗಳು ಬರುವುದುಂಟು. ಅವುಗಳಲ್ಲಿ ಕೆಲವು ವಾಸಿಯಾಗದಂಥವು.

ಅರಮನೆಯ ಮುಂದೆ ಭಕ್ತಿಯಿಂದ ಮೂಟೆಗಟ್ಟಲೆ ಕಾಳು ಚೆಲ್ಲುವುದು ಬಹುದಿನ ನಡೆದುಬಂದಿತ್ತು. ಕಟ್ಟಡಕ್ಕೆ ಕೇಡೆಂದು ೨೦೨೫ರಲ್ಲಿ ಇದಕ್ಕೆ ಬಲವಾದ ಆಕ್ಷೇಪಣೆ ಎದ್ದಿತು. ಅದೇ ವರ್ಷ ಮುಂಬಯಿಯಲ್ಲಿಯೂ ಇದೇ ವಿವಾದ: ದಾದರಿನಲ್ಲಿ ೧೯೩೩ರಿಂದ ಇದ್ದ ಪಾರಿವಾಳಖಾನೆಗೆ ನಗರಪಾಲಿಕೆಯವರು ಹೊದಿಸಿದ ಟಾರ್ಪಾಲನ್ನು ಜನರು ಹರಿದೆಸೆದರು. ಅವರ ಕೋಪವನ್ನು ಹಳಿಯುವುದು ಸುಲಭ. ಆದರೆ ಅದರ ಹಿಂದೆ ಭೂತದಯೆ ಇತ್ತೆಂಬುದನ್ನು ಮರೆಯಲಾಗದು.

ಆದರೂ ಒಂದು ಮಾತನ್ನು ಯೋಚಿಸಬೇಕು. ಶಿಬಿಚಕ್ರವರ್ತಿಯು ಪಾರಿವಾಳಕ್ಕಾಗಿ ಕೊಯ್ದುಕೊಟ್ಟದ್ದು ತನ್ನ ಮಾಂಸವನ್ನು; ನೆರೆಯವನ ಉಸಿರನ್ನಲ್ಲ, ಊರಿನ ಸೊತ್ತನ್ನೂ ಅಲ್ಲ. ಕಾಳು ಚೆಲ್ಲುವುದನ್ನು ನಿಲ್ಲಿಸಿದರೆ ಹಕ್ಕಿಗಳು ಉಪವಾಸದಿಂದ ಸಾಯುವುದಿಲ್ಲ. ಚದರಿ ಹೋಗಿ ತಮ್ಮ ಆಹಾರವನ್ನು ತಾವೇ ಹುಡುಕಿಕೊಳ್ಳುವುವು, ಸಂತಾನವೂ ಮಿತಿಗೆ ಬರುವುದು.

ಗೃಹಸ್ಥರು ಸಹ ತಮ್ಮ ಮನೆಯ ಗೂಡುಗಂಡಿಗಳನ್ನು, ಒಳಗೆ ಮೊಟ್ಟೆಮರಿಗಳಿಲ್ಲವೆಂದು ನೋಡಿಕೊಂಡು, ಬಲೆಯಿಂದ ಮುಚ್ಚಬಹುದು. ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸದೆ, ನೀರು ಚಿಮುಕಿಸಿ, ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ತೆಗೆಯತಕ್ಕದ್ದು. ಹಕ್ಕಿಗೆ ಆಕಾಶವಿದೆ, ಬಂಡೆಯಿದೆ. ಹಿರಿಯರು ಕಟ್ಟಿದ ಸೌಧಕ್ಕೆ ನಾವಲ್ಲದೆ ಬೇರೆ ರಕ್ಷಕರಿಲ್ಲ.