ಪರದೆಯ ಮೇಲೆ ನಮ್ಮೂರ ಹೂವು



‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಸ್ಲೈಡು ತಯಾರಿಸುವವರಿಗೂ ಈ ಗಾದೆ ಬೇಕು ಎಂದು ನನಗೆ ತಿಳಿದದ್ದು ಈ ಬೇಸಿಗೆ ರಜೆಯಲ್ಲಿ.

ಸ್ಲೈಡು ಎಂಬುದು ಹೊಸದೇನಲ್ಲ. ಟೆಂಟ್ ಸಿನಿಮಾದಲ್ಲಿ ಪಿಕ್ಚರ್ ಶುರುವಾಗೋಕೆ ಮುಂಚೆ ಗಾಜಿನ ಸ್ಲೈಡು ಹಾಕಿ ‘ಸುಸ್ವಾಗತ’ ಅಂತ ತೋರಿಸ್ತಿದ್ರು ಎಂದು ನಮ್ಮಜ್ಜಿ ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಸ್ಲೈಡು ಮಾಡುವ ಪವರ್‌ಪಾಯಿಂಟ್ 1987ರಲ್ಲಿ ಬಂತು. ಈಗ ನಮ್ಮಲ್ಲೂ ಪ್ರೊಜೆಕ್ಟರ್ ಇದೆ. ಆದರೆ ಇದ್ದರೆ ಸಾಕೇ? ಹೋದ ವರ್ಷ ಹೊರಗಿನಿಂದ ಬಂದವರೊಬ್ಬರು ಪರದೆ ತುಂಬ ಅಕ್ಷರ ಹಾಕಿ, ನಮಗೆ ಬೆನ್ನು ಮಾಡಿ ನಿಂತು ಅದನ್ನೇ ಓದಿದರು. ಐದನೇ ಕ್ಲಾಸಿನವರು ತೂಕಡಿಸಿಬಿಟ್ಟರು. ಓದೋದೇ ಆದ್ರೆ ಪುಸ್ತಕ ಇಲ್ವೇ?

ಈ ಸಲ ನಮ್ಮ ತಂಡಕ್ಕೆ ಬಂದ ವಿಷಯ ‘ನಮ್ಮೂರ ಬೆಳೆ ಎಲ್ಲಿಗೆ ಹೋಗುತ್ತದೆ?’ ನಮ್ಮೂರ ಹೂವು ಹೋಗುವುದು ಮೈಸೂರಿನ ದೇವರಾಜ ಮಾರುಕಟ್ಟೆಗೆ. ನಮ್ಮ ಸೋದರಮಾವ ಅಲ್ಲೇ ಹೂವಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮನೆಯೂ ದೇವರಾಜ ಮೊಹಲ್ಲಾದಲ್ಲೇ. ರಜೆಯಲ್ಲಿ ಹತ್ತು ದಿನ ಅಲ್ಲಿದ್ದೆ. ದಿನಾ ಬೆಳಿಗ್ಗೆ ಮಾವನ ಜೊತೆ ಹೋಗಿ ಅವರ ಮೊಬೈಲಿನಲ್ಲಿ ಫೋಟೋ ತೆಗೆದೆ. ಬಾಳೆಹಣ್ಣಿನ ಗೊನೆ, ವೀಳ್ಯದೆಲೆ ಕವಳೆ, ಗೋಪುರದ ಹಾಗೆ ಪೇರಿಸಿದ ಕುಂಕುಮ, ಹೊರಗೆ 1886ರ ಚಿಕ್ಕ ಗಡಿಯಾರ. ಒಟ್ಟು ಅರವತ್ತು ಫೋಟೋ ಆದವು!

ಅರವತ್ತರಲ್ಲಿ ನಾವು ಇಟ್ಟುಕೊಂಡದ್ದು ಆರೇ ಆರು. ಒಂದು ಸ್ಲೈಡಿಗೆ ಒಂದು ಚಿತ್ರ, ಒಂದು ಮಾತು. ಅಕ್ಷರ ಕಡೇ ಸಾಲಿನಲ್ಲಿ ಕೂತ ಅಜ್ಜನಿಗೂ ಕಾಣುವಷ್ಟು ದಪ್ಪ. ಇನ್ನೊಂದು ವಿಷಯ: ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೇ ಫಾಂಟಿನಲ್ಲಿ ಮಾಡಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಗೀಚಿದಂತೆ ಬರುತ್ತದೆ.

ಪಂಚಾಯಿತಿ ಗ್ರಂಥಾಲಯದಲ್ಲಿ ಸಂಜೆ ತೋರಿಸಿದೆವು. ಅಪ್ಪ ಅಮ್ಮಂದಿರೂ ಬಂದಿದ್ದರು. ಮೊದಲನೇ ಸ್ಲೈಡಿನಲ್ಲಿ ಬರೀ ಕೆಂಪು, ಹಳದಿ, ನೀಲಿ ಗೋಪುರಗಳು. ಅಕ್ಷರವೇ ಇಲ್ಲ. “ಇದೇನು ಹೇಳಿ?” ಅಂದೆ. “ಕುಂಕುಮ! ರಂಗೋಲಿ ಪುಡಿ!” ಅಂತ ಚಿಕ್ಕ ಮಕ್ಕಳೆಲ್ಲ ಕೂಗಿದರು. ಎರಡನೆಯದರಲ್ಲಿ ಮಾವ ಹೂವನ್ನು ಕೈಯಲ್ಲಿ ಮೊಳ ಹಾಕುತ್ತಿರುವುದು. “ನಮ್ಮ ತೋಟದ ಕಾಕಡಾನೇ ಅದು” ಅಂತ ಒಬ್ಬರು ಎದ್ದೇ ನಿಂತರು. ಯಾರೂ ತೂಕಡಿಸಲಿಲ್ಲ.

ಐದನೆಯದು ಧನ್ವಂತರಿ ರಸ್ತೆ ಕಡೆಯ ಉತ್ತರ ಬಾಗಿಲು. 2016ರ ಆಗಸ್ಟಿನಲ್ಲಿ ಅಲ್ಲಿ ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ಆಮೇಲೆ ಕೆಡವಿ ಹೊಸದು ಕಟ್ಟಬೇಕೋ, ಹಳೆಯದನ್ನೇ ಸರಿಮಾಡಬೇಕೋ ಎಂಬ ವಾದ ಎದ್ದು ಕೋರ್ಟಿನವರೆಗೂ ಹೋಯಿತು. ಆರನೇ ಸ್ಲೈಡಿನಲ್ಲಿ ಎರಡೇ ಪದ ಇಟ್ಟಿದ್ದೆವು: ‘ಕೆಡವಬೇಕೇ? ಉಳಿಸಬೇಕೇ?’

ಕೈ ಎತ್ತಿ ಅಂದೆವು. ಕೆಲವರು ಅದಕ್ಕೆ, ಕೆಲವರು ಇದಕ್ಕೆ ಎತ್ತಿದರು. ಆಗ ಹೂ ಕಟ್ಟುವ ಒಬ್ಬ ಅಜ್ಜಿ, “ಅಲ್ಲ ಕಣ್ ಮಗಾ, ಕಟ್ಟಡ ಹಳೇದಾಗ್ಲಿ ಹೊಸದಾಗ್ಲಿ, ನಮ್ಮ ಹೂವಿಗೆ ಅಲ್ಲಿ ಜಾಗ ಇರ್ತದಾ? ಅದನ್ನ ಬರ್ಕೊ” ಅಂದರು. ಗ್ರಂಥಾಲಯ ಸುಮ್ಮನಾಯಿತು. ಮಾವನ ಕೆಲಸವೂ, ನಮ್ಮ ಮನೆಯ ಸಂತೆ ಸಾಮಾನೂ, ನನ್ನ ಫೀಸೂ ಆ ಹೂವಿನ ಮೇಲೇ ನಿಂತಿದೆ. ನನಗೂ ಉತ್ತರ ಗೊತ್ತಿರಲಿಲ್ಲ. ಅಲ್ಲೇ ಕೂತು ಏಳನೇ ಸ್ಲೈಡಿನಲ್ಲಿ ಅಜ್ಜಿಯ ಪ್ರಶ್ನೆಯನ್ನು ಹಾಗೇ ಟೈಪ್ ಮಾಡಿದೆವು. ಮಾವನಿಗೂ ಕಳಿಸಿದೆವು. ಅಂಗಡಿಯವರೆಲ್ಲ ನೋಡಿದರಂತೆ.

ಆದ್ದರಿಂದ ಗೆಳೆಯ ಗೆಳತಿಯರೇ, ನೀವೂ ಸ್ಲೈಡು ಮಾಡಿ. ಬಣ್ಣ, ಹಾರಿಬರುವ ಅಕ್ಷರ ಆಮೇಲೆ. ಮೊದಲು ಆ ಜಾಗಕ್ಕೆ ಹೋಗಿ, ನೋಡಿ, ಕೇಳಿ. ಪರದೆಯಲ್ಲಿ ಸ್ವಲ್ಪವೇ ಇರಲಿ, ಮಿಕ್ಕಿದ್ದನ್ನು ಬಾಯಲ್ಲಿ ಹೇಳಿ. ನೋಡುವವರು ಮಾತಾಡುವುದಕ್ಕೂ ಜಾಗ ಬಿಡಿ.

– ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ