ಸೇರಿದ ತಾರೀಖು

ಚಿಗರಿ ಬಸ್ಸು ನಿಮ್ಮನ್ನು ಲಕಮನಹಳ್ಳಿಯಲ್ಲಿ ಇಳಿಸಿ ಹುಬ್ಬಳ್ಳಿ ಕಡೆ ಹೊರಟಾಗ ಮಧ್ಯಾಹ್ನದ ಎರಡಕ್ಕೆ ಇನ್ನೂ ಹತ್ತು ನಿಮಿಷ. ರಸ್ತೆ ದಾಟಿ ಕೈಗಾರಿಕಾ ಪ್ರದೇಶದ ಒಳಗೆ ತಿರುಗಿ. ಪಾಳಿ ಬದಲಾಗುವ ಹೊತ್ತು. ಒಳಗೆ ಹೋಗುವವರ ಡಬ್ಬಿ ಭಾರ, ಹೊರಗೆ ಬರುವವರದು ಖಾಲಿ. ಯಾರು ಕಂಪನಿಯವರು, ಯಾರು ಕಾಂಟ್ರಾಕ್ಟರ್ ಕಡೆಯವರು ಎಂದು ಕೇಳುವುದೇ ಬೇಡ. ಅಂಗಿಯ ಬಣ್ಣ ಹೇಳುತ್ತದೆ.

ಗೇಟಿನ ಎದುರಿನ ಚಹಾದಂಗಡಿಯಲ್ಲಿ ಮಿರ್ಚಿ ಎಣ್ಣೆಗೆ ಬೀಳುತ್ತಿವೆ. "ಬರ್ರಿ, ಕುಂದರ್ರಿ" ಎಂದು ಬಾಕಿನ ಮೇಲೆ ಸರಿದು ಜಾಗ ಮಾಡಿಕೊಡುವವರು ಕಾರ್ಮಿಕ ಸಂಘದ ಹಿರಿಯರು. ಫಿಟ್ಟರ್ ಆಗಿ ನಿವೃತ್ತರಾದರೂ ಪಾಳಿ ಬಿಡುವ ಹೊತ್ತಿಗೆ ಇಲ್ಲಿ ಬಂದು ಕೂರುವುದನ್ನು ಬಿಟ್ಟಿಲ್ಲ. ಅವರ ಮುಂದೆ ನಿಂತಿರುವ ಮೂವತ್ತೈದರ ಆಳು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆಯುತ್ತಾನೆ.

"ಅಣ್ಣಾರ, ಇದನ್ನ ಸ್ವಲ್ಪ ಓದಿ ಹೇಳ್ರಿ. ಇಂಗ್ಲಿಷ್‌ನಾಗ ಐತಿ. ನಾಳೆ ಸಹಿ ಮಾಡಿ ಕೊಡು ಅಂದಾರ."

ಅದು ನೇಮಕಾತಿ ಪತ್ರ. ಬಾಕಿನ ಮೇಲಿದ್ದವರೆಲ್ಲ ಅದನ್ನು ನೋಡಲು ಬಗ್ಗುತ್ತಾರೆ, ನೀವೂ ಬಗ್ಗುತ್ತೀರಿ. ಕಾಂಟ್ರಾಕ್ಟರ್ ಕೆಳಗೆ ದುಡಿಯುವವನ ಕೈಯಲ್ಲಿ ಇಂಥದೊಂದು ಕಾಗದ ಈ ಬೀದಿಯಲ್ಲಿ ದಿನಾ ಕಾಣುವಂಥದ್ದಲ್ಲ. ಗೇಟ್ ಪಾಸ್ ಇರುತ್ತದೆ, ಹಾಜರಿ ಇರುತ್ತದೆ, ಪಗಾರ ಖಾತೆಗೆ ಬೀಳುತ್ತದೆ. ತಾನು ಯಾರ ನೌಕರ ಎಂದು ಹೇಳುವ ಚೀಟಿ ಮಾತ್ರ ಇರುವುದಿಲ್ಲ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿ ಮಾಡಿ 29 ಹಳೆಯ ಕಾಯ್ದೆಗಳನ್ನು ಅವುಗಳೊಳಗೆ ಸೇರಿಸಿತು. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂಬುದು ಅವುಗಳಲ್ಲಿ ಬಂದ ಮಾತು. ಇಡೀ ಸುಧಾರಣೆಯಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಂಡ ಸಾಲು ಇದೇ. ಎಂಟು ತಾಸಿನ ದಿನ, ಓಟಿಗೆ ಎರಡು ಪಟ್ಟು, ಏಳನೇ ತಾರೀಖಿನೊಳಗೆ ಪಗಾರ, ಕೆಲಸ ಬಿಟ್ಟರೆ ಎರಡು ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ: ಇವನ್ನೆಲ್ಲ ಕೇಳಲು ಹೋದವನಿಗೆ ಮೊದಲು ಎದುರಾಗುವ ಪ್ರಶ್ನೆ "ನೀ ಇಲ್ಲಿ ಕೆಲಸ ಮಾಡ್ತಿ ಅನ್ನೂದಕ್ಕ ಏನ್ ಪುರಾವೆ?"

ಹಿರಿಯರು ಚಾಳೀಸು ಏರಿಸಿ ಬೆರಳಿಟ್ಟು ಓದುತ್ತಾರೆ. ಹೆಸರು ಸರಿ. ಹುದ್ದೆ, ಹೆಲ್ಪರ್. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000. ಮುಂದಿನ ಸಾಲಿನ ಮೇಲೆ ಬೆರಳು ನಿಲ್ಲುತ್ತದೆ.

"ಸೇರಿದ ತಾರೀಖು ಡಿಸೆಂಬರ್ 1, 2025 ಅಂತ ಐತಲ್ಲೋ. ನೀ ಯಾವಾಗಿಂದ ಅದಿ?"

"2019ರಿಂದ್ರಿ. ದೀಪಾವಳಿ ಆದಮ್ಯಾಲೆ ಬಂದಿದ್ದೆ."

ಯಾರೂ ಮಾತಾಡುವ ಮೊದಲೇ ಪಕ್ಕದ ಶೆಡ್ಡಿನಿಂದ ಎಣ್ಣೆಗೈಯಲ್ಲಿ ಬಂದ ಹುಡುಗ ಕೇಳುತ್ತಾನೆ: "ನಮಗೂ ಕೊಡ್ತಾರೇನ್ರಿ ಇದು?" ನೀವು ಅವನ ಹಿಂದೆ ಎದ್ದು ಹೋಗಿ. ಇಪ್ಪತ್ತು ಹೆಜ್ಜೆ ಅಷ್ಟೇ.

ತಗಡಿನ ಶೆಡ್ಡು. ಎರಡು ಲೇತ್, ಒಂದು ಡ್ರಿಲ್ಲು, ಮೂಲೆಯಲ್ಲಿ ಪವರ್ ಪ್ರೆಸ್. ಒಟ್ಟು ಹದಿನಾಲ್ಕು ಮಂದಿ. ಪ್ರೆಸ್ಸಿನ ಮುಂದೆ ನಿಲ್ಲಿ. ಎಡಗೈ ತಗಡಿನ ಪಟ್ಟಿಯನ್ನು ಡೈ ಮೇಲೆ ಇಡುತ್ತದೆ, ಕಾಲು ಪೆಡಲ್ ತುಳಿಯುತ್ತದೆ, ಧಡ್. ಬಲಗೈ ತುಂಡು ಎತ್ತುತ್ತದೆ, ಎಡಗೈ ಮತ್ತೆ ಪಟ್ಟಿ ಇಡುತ್ತದೆ, ಧಡ್. ಇದೇ ಯಂತ್ರಕ್ಕೆ ಎರಡೂ ಕೈಯಿಂದ ಒಟ್ಟಿಗೆ ಒತ್ತುವ ಗುಂಡಿ ಕೂರಿಸಬಹುದು. ಎರಡೂ ಕೈ ಗುಂಡಿಯ ಮೇಲಿದ್ದರಷ್ಟೇ ಪ್ರೆಸ್ ಇಳಿಯುತ್ತದೆ, ಹಾಗಾಗಿ ನಡೆಸುವವನ ಬೆರಳು ಡೈ ಒಳಗೆ ಸಿಗುವ ಸಾಧ್ಯತೆ ಬಹಳ ಕಡಿಮೆ. ಆದರೆ ಹಾಗೆ ಮಾಡಿದರೆ ತಾಸಿಗೆ ಬೀಳುವ ತುಂಡುಗಳು ಕಡಿಮೆ. ಪ್ರೆಸ್ ನಡೆಸುವವನ ಎಡಗೈ ತೋರುಬೆರಳು ಮೇಲಿನ ಗೆಣ್ಣಿಗೇ ಮುಗಿಯುತ್ತದೆ. ನೀವು ಅದನ್ನು ನೋಡಿದ್ದನ್ನು ಅವನೂ ನೋಡುತ್ತಾನೆ; "ಹಳೇದ್ರಿ ಅದು" ಎನ್ನುತ್ತಾನೆ, ಧಡ್.

1948ರ ಕಾರ್ಖಾನೆ ಕಾಯ್ದೆಯ ಲೆಕ್ಕದಲ್ಲಿ ವಿದ್ಯುತ್ ಬಳಸಿ ಹತ್ತು ಜನ ದುಡಿದರೆ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ ಇಪ್ಪತ್ತು ಜನ ಬೇಕು. ಅಂದರೆ ಈ ಹದಿನಾಲ್ಕು ಮಂದಿ ನಿಂತ ಜಾಗ ಇದ್ದಲ್ಲೇ ಇದ್ದು ಕಾರ್ಖಾನೆ ಅನ್ನಿಸಿಕೊಳ್ಳುವುದನ್ನು ನಿಲ್ಲಿಸಿತು. ಕಾಯ್ದೆಯ ಕೈ ಪೂರ್ತಿ ತಪ್ಪಿಲ್ಲ ನಿಜ. ಹತ್ತು ಮುಟ್ಟಿದ ಯಾವುದೇ ಸಂಸ್ಥೆಗೂ ಸಂಹಿತೆ ಅನ್ವಯಿಸುತ್ತದೆ, ಕೆಲಸದ ಜಾಗದಲ್ಲಿ ಅಪಾಯ ಇರದಂತೆ ನೋಡಿಕೊಳ್ಳಬೇಕು ಎನ್ನುತ್ತದೆ, ಈ ಹುಡುಗನಿಗೂ ಪತ್ರ ಬರಬೇಕು. ಆದರೆ ಕಾರ್ಖಾನೆಗೆಂದೇ ಬರೆದ ಕಟ್ಟುಪಾಡು ಈ ಪ್ರೆಸ್ಸಿನಿಂದ ದೂರ ಸರಿಯಿತು. ಬಂದು ನೋಡಬೇಕಾದ ಇನ್ಸ್‌ಪೆಕ್ಟರ್ ಕೂಡ ಈಗ 'ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್'. ತಪ್ಪು ಹಿಡಿಯುವವನೂ ಅವನೇ, ತಿಳಿಹೇಳುವವನೂ ಅವನೇ.

ಅಂಕಿ ಏರಿದ್ದು ಇಲ್ಲಿ ಮಾತ್ರವಲ್ಲ. ಗುತ್ತಿಗೆ ಕಾರ್ಮಿಕರ ಕಾನೂನು ಮೊದಲು 20 ಜನರಿಗೆ ತಾಗುತ್ತಿತ್ತು, ಈಗ 50ಕ್ಕೆ. ಸರ್ಕಾರದ ಅನುಮತಿಯಿಲ್ಲದೆ ಕಾರ್ಖಾನೆ ಮುಚ್ಚಬಾರದು ಎಂಬ ಕಟ್ಟು 100 ಜನರಿಂದ 300ಕ್ಕೆ ಜಿಗಿಯಿತು. ಹಕ್ಕನ್ನು ಯಾರೂ ರದ್ದು ಮಾಡಲಿಲ್ಲ, ಅದಕ್ಕೆ ಬೇಕಾದ ತಲೆಗಳ ಸಂಖ್ಯೆಯನ್ನಷ್ಟೇ ಏರಿಸಿದರು. ಸಣ್ಣ ಮಾಲೀಕನಿಗೆ ಕಾಗದಪತ್ರದ ಕಾಟ ತಪ್ಪಲಿ ಎಂಬ ಸರ್ಕಾರದ ವಾದ ಸುಳ್ಳಲ್ಲ. ಈ ಶೆಡ್ಡಿನ ಮಾಲೀಕ ತಾನೇ ಒಂದು ಲೇತ್ ಮೇಲೆ ನಿಂತಿದ್ದಾನೆ. ಆದರೆ ಕಾಗದ ಕಡಿಮೆ ಮಾಡಲು ಹೊರಟವರು ಪ್ರೆಸ್ಸಿನ ಕಾವಲನ್ನೂ ಅದೇ ಕಟ್ಟಿನಲ್ಲಿ ಸುತ್ತಿಡಬೇಕಿರಲಿಲ್ಲ.

ಹೊರಗೆ ಬಂದರೆ ಚರ್ಚೆ ಸಂವಿಧಾನದವರೆಗೆ ಹೋಗಿದೆ. ಹಿರಿಯರಿಗೆ 1982ರ ಏಷ್ಯಾಡ್ ಪ್ರಕರಣ ಬಾಯಿಪಾಠ. ದೆಹಲಿಯಲ್ಲಿ ಕ್ರೀಡಾಕೂಟಕ್ಕೆ ಕಟ್ಟಡ ಎಬ್ಬಿಸುತ್ತಿದ್ದ ಕೂಲಿಗಳ ಪರವಾಗಿ ಪಿಯುಡಿಆರ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದಾಗ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. "ಹಸಿವಿನ ಒತ್ತಾಯನೂ ಒತ್ತಾಯನ ಅಂತ ಕೋರ್ಟ್ ಒಪ್ಪಿತ್ರಿ ಅವತ್ತು" ಎನ್ನುತ್ತಾರೆ. ಸಂಹಿತೆ ಜಾರಿಯಾಗಿ ಐದೇ ದಿನಕ್ಕೆ, ನವೆಂಬರ್ 26ರ ಸಂವಿಧಾನ ದಿನದಂದೇ, ಹತ್ತು ಕೇಂದ್ರ ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ಇನ್ನೊಂದು ಸಂಘಟನೆ ಬಿಎಂಎಸ್ ಸಂಹಿತೆಗಳನ್ನು ಸ್ವಾಗತಿಸಿತು. ಇನ್ನು ಮುಷ್ಕರ ಮಾಡಬೇಕೆಂದರೆ ಯಾವ ಉದ್ಯಮದಲ್ಲೇ ಆಗಲಿ 14 ದಿನ ಮೊದಲು ನೋಟಿಸು.

ಕರ್ನಾಟಕವೇನೂ ಹಿಂದೆ ಉಳಿದಿಲ್ಲ. 2023ರ ಫೆಬ್ರುವರಿಯಲ್ಲೇ ವಿಧಾನಮಂಡಲ ದಿನಕ್ಕೆ 12 ತಾಸು ದುಡಿಸಲು ದಾರಿ ಮಾಡಿತು. ಅದೇ ವರ್ಷ ತಮಿಳುನಾಡು ಅಂಥದ್ದೇ ಮಸೂದೆ ತಂದು, ಪ್ರತಿಭಟನೆ ಎದ್ದು, ಮೇ ದಿನದ ಹೊತ್ತಿಗೆ ಹಿಂದೆಗೆದುಕೊಂಡಿತು. ಇಲ್ಲಿ ಉಳಿಯಿತು. ಇದೇ ಕರ್ನಾಟಕ 2025ರಲ್ಲಿ ಮುಟ್ಟಿನ ರಜೆ ವರ್ಷಕ್ಕೆ 12 ದಿನ ಎಂದೂ ಹೇಳಿತು. ಚಹಾ ಕುಡಿಯುತ್ತಿದ್ದ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳು ನಗುತ್ತಾಳೆ: "ರಜಾ ಕೇಳಿದ್ರ ನಾಳಿಂದ ಬರಬ್ಯಾಡ ಅಂತಾನ್ರಿ ಕಾಂಟ್ರಾಕ್ಟರ. ರಾತ್ರಿ ಪಾಳಿಗೆ ನಮ್ಮ ಒಪ್ಪಿಗಿ ಬೇಕಂತ ಅಲ್ರಿ? ಬ್ಯಾಡ ಅನ್ನಾಕ ಬಂದ್ರ ಅದಕ್ಕ ಒಪ್ಪಿಗಿ ಅನ್ನಬೇಕು."

ಎರಡರ ಸೈರನ್ ಆಗಲೇ ಕೂಗಿ ಹೋಗಿದೆ. ಹಿರಿಯರು ಮಿರ್ಚಿ ಕಟ್ಟಿದ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕುತ್ತಾರೆ. 13,000 ಭಾಗಿಸು 26, ಗುಣಿಸು 15. ವರ್ಷಕ್ಕೆ 7,500. ಆರು ವರ್ಷಕ್ಕೆ 45,000 ಗ್ರಾಚ್ಯುಟಿ. ಹೊಸ ಸಂಹಿತೆ ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಕೊಡುತ್ತದೆ. ಆದರೆ ಈ ಪತ್ರಕ್ಕೆ ಸಹಿ ಬಿದ್ದರೆ ಎಣಿಕೆ ಡಿಸೆಂಬರ್ 1ರಿಂದ ಶುರು.

"ಪಿಎಫ್ ಕಟ್ ಆಗ್ತಿತ್ತೇನೋ?"

"ಆಗ್ತಿತ್ರಿ."

"ಮೊಬೈಲ್ ತಗಿ. ಪಾಸ್‌ಬುಕ್ ನೋಡೂಣು."

ಒಟಿಪಿ ಬರಲು ಹೊತ್ತು ಹಿಡಿಯುತ್ತದೆ. ಬಂದ ಮೇಲೆ ಪರದೆಯ ಮೇಲೆ ಮೂರು ಕಾಂಟ್ರಾಕ್ಟರುಗಳ ಹೆಸರು ಒಂದರ ಕೆಳಗೊಂದು. ಮೊದಲನೆಯದರಲ್ಲಿ 2019ರ ನವೆಂಬರ್ ಎಂದಿದೆ. "ಕಾಂಟ್ರಾಕ್ಟರ ಬದಲಾದ, ಗೇಟ್ ಬದಲಾಗಿಲ್ಲ, ಮಶೀನೂ ಬದಲಾಗಿಲ್ಲ" ಎಂದು ಹಿರಿಯರು ಕಾಗದವನ್ನು ಮಡಚಿ ಅವನ ಕೈಗೇ ಕೊಡುತ್ತಾರೆ. "ಇದರ ಪ್ರಿಂಟ್ ತಗೊಂಡು ಬಾ. ಪತ್ರ ಬ್ಯಾಡ ಅನಬ್ಯಾಡ, ತಾರೀಖು ತಪ್ಪೈತಿ, ತಿದ್ದಿ ಕೊಡ್ರಿ ಅಂತ ಬರದು ಕೊಡು. ಬರದಿದ್ದಕ್ಕ ಪೋಚ್ ತಗೋ. ನಾಳೆ ನಾನೂ ಬರ್ತೀನಿ."