ಮೀರತ್‌ನಲ್ಲಿ ನಮ್ಮ ಮೊದಲ ಟ್ಯೂಬಾ

ಬೇಗಂ ಸಮ್ರೂ ಕಟ್ಟಿಸಿದ ಸರ್ಧನಾದ ಕೃಪಾಮಾತೆಯ ಬಸಿಲಿಕಾದಲ್ಲಿ ಪ್ರಾರ್ಥಿಸಿ, ಸುಮಾರು 20 ಕಿ.ಮೀ. ದೂರದ ಮೀರತ್‌ಗೆ ಬಂದೆವು. ಇಲ್ಲಿನ ಜಲಿ ಕೋಠಿ ಹಿತ್ತಾಳೆಯ ಬ್ಯಾಂಡ್ ವಾದ್ಯಗಳಿಗೆ ಹೆಸರುವಾಸಿ. 1885ರಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿಯೂ ಈ ಊರಿನದೇ. ನಮ್ಮ ಧರ್ಮಕೇಂದ್ರದ ಬ್ಯಾಂಡಿಗೆ ಮೊದಲ ಟ್ಯೂಬಾ ಬೇಕಿತ್ತು. ಕೈಯಲ್ಲಿದ್ದದ್ದು ಕುಟುಂಬಗಳು ಕೂಡಿಸಿಕೊಟ್ಟ ಹಣ. ಕಲಿಯಬೇಕಾದ ಬಾಲಕನೂ ಜೊತೆಗಿದ್ದ.

ಅಂಗಡಿಯಲ್ಲಿ ಕಣ್ಣು ದೊಡ್ಡ ವಾದ್ಯದ ಮೇಲೆಯೇ ಬೀಳುತ್ತದೆ. ಆದರೆ ಬಿ-ಫ್ಲಾಟ್ ಟ್ಯೂಬಾದ ಕೊಳವೆಯ ಉದ್ದ ಸುಮಾರು 18 ಅಡಿ, ಇ-ಫ್ಲಾಟ್‌ನದು 13 ಅಡಿ. ಎಳೆಯರಿಗೆ ಹಗುರವಾದ ಇ-ಫ್ಲಾಟ್, 3 ವಾಲ್ವ್ ಸಾಕು. ನೆಟ್ಟಗೆ ಕುಳಿತು ತೊಡೆಯ ಮೇಲಿಟ್ಟುಕೊಂಡಾಗ ಕತ್ತು ಚಾಚದೆ ಮೌತ್‌ಪೀಸ್ ತುಟಿಗೆ ಸಿಗಬೇಕು. ಒತ್ತಿಬಿಟ್ಟ ವಾಲ್ವ್ ತಡೆಯದೆ ಮೇಲೇಳಬೇಕು. ಸ್ಲೈಡ್‌ಗಳು ಸಲೀಸಾಗಿ ಜಾರಬೇಕು. ಅಗಲ ಬಾಯಿಯ ಮೇಲಿನ ಸಣ್ಣ ತಗ್ಗು ಅಂದವನ್ನಷ್ಟೇ ಕೆಡಿಸೀತು. ಸಪೂರ ಕೊಳವೆಯ ತಗ್ಗು ಸ್ವರವನ್ನೇ ಕೆಡಿಸಬಹುದು. ಹೊಳಪಿಗೆ ಮರುಳಾಗದೆ ಬಾಲಕನಿಂದ ಊದಿಸಿ ನೋಡಿ, ಚಿಕ್ಕದನ್ನೇ ಆರಿಸಿದೆವು.

ಮೆರವಣಿಗೆಯಲ್ಲಿ ಟ್ಯೂಬಾ ರಾಗವನ್ನು ನುಡಿಸುವುದು ಕಡಿಮೆ. ಇತರರ ರಾಗಕ್ಕೆ ತಳಪಾಯವಾಗಿ ನಿಲ್ಲುತ್ತದೆ. ಪ್ರಿಯ ಓದುಗರೇ, ಧರ್ಮಸಭೆಯಲ್ಲೂ ಅಂಥ ಸೇವೆಯವರು ಬೇಕಲ್ಲವೇ?